ನಂಬಿಕಸ್ಥ ಬಾಡಿಗೆದಾರ

ಬಾಡಿಗೆದಾರ ಅಂದರೆ ಗುಡವಿ ಹಕ್ಕಿ ಇದ್ದ ಹಾಗಿರಬೇಕು, ಬರೋ ಕಾಲಕ್ಕೆ ಬರಬೇಕು, ಹೋಗೋ ಕಾಲಕ್ಕೆ ತಾನೇ ಹೋಗಬೇಕು. ಸೊರಬ ಪೇಟೆಯಲ್ಲಿ ಎರಡು ಮನೆ ಬಾಡಿಗೆಗೆ ಬಿಟ್ಟಿರುವ ಯಜಮಾನರೊಬ್ಬರು ಹೇಳುವ ಮಾತಿದು. ಮಾತು ಚೆನ್ನಾಗಿದೆ. ಕೇಳಿದವರು ತಲೆದೂಗುತ್ತಾರೆ. ಆದರೆ ನಾನು ಗುಡವಿ ಕಡೆಯವನು. ಆ ಕೆರೆಯನ್ನೂ, ನೀರಲ್ಲಿ ನಿಂತ ಆ ಮರಗಳನ್ನೂ, ಮಳೆಗಾಲದಲ್ಲಿ ಅವುಗಳ ಮೇಲೆ ನಡೆಯುವ ಸಂಸಾರವನ್ನೂ ಹುಟ್ಟಿದಾಗಿಂದ ನೋಡಿದವನು. ಹಕ್ಕಿಯನ್ನು ಹೀಗೆ ಸಾಕ್ಷಿಗೆ ಕರೆದು ನಿಲ್ಲಿಸುವುದು ಸುಳ್ಳುಸಾಕ್ಷಿ ಅಂತ ನನಗೆ ಅನ್ನಿಸಿದೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಪ್ರಶ್ನೆಯನ್ನು ನೆಟ್ಟಗೆ ಇಟ್ಟುಕೊಳ್ಳೋಣ.

ಒಬ್ಬ ಮನುಷ್ಯ ಮನೆ ಕಟ್ಟಿಸಿದ್ದಾನೆ. ಈಗಲೇ ಅದರಲ್ಲಿ ಇರಲಾರ, ನೌಕರಿ ಬೇರೆ ಊರಲ್ಲಿದೆ. ಇನ್ನು ಐದಾರು ವರ್ಷಕ್ಕೆ ನಿವೃತ್ತಿಯಾಗಿ ಬಂದು ಇಲ್ಲೇ ಕಣ್ಣುಮುಚ್ಚಬೇಕು ಅಂತ ಆಸೆ. ಅಲ್ಲಿಯವರೆಗೆ ಮನೆಯಲ್ಲಿ ಯಾರಾದರೂ ಇರಬೇಕು. ಬ್ಯಾಂಕಿನ ಕಂತಿಗೆ ಬಾಡಿಗೆ ಬೇಕು ಅನ್ನುವುದು ಒಂದು. ಇನ್ನೊಂದು, ಮಲೆನಾಡಿನಲ್ಲಿ ಬೀಗ ಹಾಕಿದ ಮನೆ ಉಳಿಯುವುದಿಲ್ಲ. ಒಲೆ ಉರಿಯದ ಮನೆಗೆ ಮೊದಲನೇ ಮಳೆಗಾಲಕ್ಕೆ ಬೂಷ್ಟು, ಎರಡನೆಯದಕ್ಕೆ ಗೆದ್ದಲು, ಮೂರನೆಯದಕ್ಕೆ ಸೋರಿಕೆ. ಹಾಗಾಗಿ ಬಾಡಿಗೆಗೆ ಇರುವವನು ಬರೀ ಇರುವವನಲ್ಲ, ಮನೆ ಕಾಯುವವನೂ ಹೌದು. ಗುಡಿಸುತ್ತಾನೆ, ದೀಪ ಹಚ್ಚುತ್ತಾನೆ, ಹಂಚು ಜರುಗಿದರೆ ಏಣಿ ಹಾಕಿ ಹತ್ತುತ್ತಾನೆ. ಈ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೂಲಿ ಕೊಡುವುದಿರಲಿ, ಕಾಯುವವನೇ ತಿಂಗಳು ತಿಂಗಳು ದುಡ್ಡು ಎಣಿಸಬೇಕು.

ಇದು ಇರಲಿ. ಮುಂದೆ ತಾನೇ ಬಂದು ಇರಬೇಕು ಅನ್ನುವ ಯಜಮಾನನ ಆಸೆಯಲ್ಲಿ ತಪ್ಪೇನೂ ಇಲ್ಲ. ಅವನು ಹುಡುಕುವುದು ನಂಬಿಕಸ್ಥ ಬಾಡಿಗೆದಾರನನ್ನು. ನನ್ನ ತಕರಾರು ಈ ಪದದ ಮೇಲೆ. ನಂಬಿಕಸ್ಥ ಅಂದರೆ ಯಾರು? ಐದನೇ ತಾರೀಕಿನೊಳಗೆ ಬಾಡಿಗೆ ಕೊಡುವವನೇ? ಗೋಡೆಗೆ ಕಂಡಲ್ಲಿ ಮೊಳೆ ಹೊಡೆಯದವನೇ? ಅದೆಲ್ಲ ಬೇಕು, ಆದರೆ ಯಜಮಾನನ ಎದೆಯೊಳಗಿರುವ ಅರ್ಥ ಅದಲ್ಲ. ಬಿಡು ಅಂದಾಗ ಬಿಡುವವನು, ಅವನು ನಂಬಿಕಸ್ಥ. ಸರಿ, ಬಿಡು ಅಂದಾಗ ಬಿಡುವುದು ಯಾರ ಕೈಲಾಗುತ್ತದೆ? ಹೋಗಲು ಇನ್ನೊಂದು ಜಾಗ ಇರುವವನ ಕೈಲಿ. ಅಪ್ಪನ ಮನೆ ಇರುವವನು, ಇನ್ನೊಂದೂರಲ್ಲಿ ಸೈಟು ಇರುವವನು, ಮೂರು ವರ್ಷಕ್ಕೊಮ್ಮೆ ವರ್ಗವಾಗುವವನು, ಇಲ್ಲವೇ ನಾಳೆ ಬೆಳಿಗ್ಗೆ ಹತ್ತು ಬಾಗಿಲು ತಟ್ಟಿದರೆ ಎಂಟು ಬಾಗಿಲು ತೆರೆಯುವಂಥ ಜಾತಿಯವನು. ಅಂದರೆ ಈ ಮನೆ ಯಾರಿಗೆ ಅಷ್ಟಾಗಿ ಬೇಕಿಲ್ಲವೋ ಅವನೇ ನಂಬಿಕಸ್ಥ. ಯಾರಿಗೆ ಈ ಸೂರು ಬಿಟ್ಟರೆ ಇನ್ನೊಂದು ಸೂರಿಲ್ಲವೋ ಅವನನ್ನು ನಂಬುವ ಹಾಗಿಲ್ಲ. ಇರುವವನ ಅನುಕೂಲಕ್ಕೆ ಗುಣ ಅಂತ ಹೆಸರಿಟ್ಟಿದ್ದೇವೆ, ಇಲ್ಲದವನ ಇಲ್ಲದಿರುವಿಕೆಗೆ ದುರ್ಗುಣ ಅಂತ. ಇದನ್ನು ನಾನು ನೀತಿಯ ಪ್ರಶ್ನೆ ಅಂತ ಕರೆಯುತ್ತಿರುವುದು ಅದಕ್ಕೇ. ಮನೆ ಯಾರಿಗೆ ಕೊಡಬೇಕು ಅನ್ನುವುದು ಬರೀ ವ್ಯವಹಾರದ ಮಾತಾಗಿದ್ದರೆ ಬ್ರೋಕರ್ ಒಬ್ಬ ಸಾಕಿತ್ತು.

ನಂಬಿಕಸ್ಥ ಅನ್ನುವ ಪದಕ್ಕೆ ನಮ್ಮ ಊರುಗಳಲ್ಲಿ ಹಳೆಯ ಚರಿತ್ರೆಯೂ ಇದೆ. ಮೈಸೂರು ಸೀಮೆಯಲ್ಲಿ ಎರಡು ಊರಿನ ನಡುವೆ ಗಡಿ ತಕರಾರು ಎದ್ದರೆ ಕರೆಯುತ್ತಿದ್ದದ್ದು ಹೊಲಗೇರಿಯ ಕುಳವಾಡಿಯನ್ನು. ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರು ಇಟ್ಟು, ಪೂಜೆ ಮಾಡಿ ಅವನ ತಲೆಯ ಮೇಲೆ ಹೊರಿಸುತ್ತಿದ್ದರು. ಅವನು ನಡೆದದ್ದೇ ಗಡಿ. ಒಂದಂಗುಲ ತಪ್ಪಿ ಹೆಜ್ಜೆ ಇಟ್ಟರೂ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂದು ನಂಬಿಕೆ. ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಅಧಿಕಾರಿಗಳು ಇದನ್ನು ಬರೆದಿಟ್ಟಿದ್ದಾರೆ. ನೋಡಿ, ಇಡೀ ಊರಿನ ಗಡಿಗೆ ಅವನ ಮಾತು ಸಾಕು. ಆದರೆ ಜಾಮೀನಿಗೆ ಇಟ್ಟದ್ದು ಅವನ ಜೀವ, ಅವನ ಮನೆ. ಊರಿನ ಗೌಡನ ಮನೆ ಹಾಳಾಗುತ್ತದೆ ಅಂತ ಯಾರೂ ಕಥೆ ಕಟ್ಟಲಿಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ಭತ್ತದ ರಾಶಿ ಬಿದ್ದಾಗ ರಾತ್ರಿಯೆಲ್ಲಾ ಚಳಿಯಲ್ಲಿ ಕಾಯುವುದಕ್ಕೆ ನಮ್ಮ ಅಜ್ಜ ನಂಬಿಕಸ್ಥ. ಅದೇ ಭತ್ತ ಹೋಗಿ ಸೇರುವ ಮನೆಯ ಜಗುಲಿ ಹತ್ತುವುದಕ್ಕೆ ಅಲ್ಲ. ನಂಬಿಕೆ ಅಂಗಳದವರೆಗೆ ಮಾತ್ರ.

ಆ ಅಜ್ಜನ ಮೊಮ್ಮಕ್ಕಳು ನಾವು ಡಿಗ್ರಿ ಮಾಡಿಕೊಂಡು ಪೇಟೆಗೆ ಬಂದು ಎರಡು ಕೋಣೆಯ ಮನೆ ಕೇಳುತ್ತೇವೆ. ಕೇಳಿದವರಿಗೆಲ್ಲ ಗೊತ್ತು ಆ ಪ್ರಶ್ನೆಗಳ ಸಾಲು. ಯಾವೂರಾಯ್ತು? ಊರಲ್ಲಿ ಯಾವ ಕಡೆ ಮನೆ? ಪೂರ್ತಿ ಹೆಸರು ಏನು? ಮನೇಲಿ ನಾನ್‌ವೆಜ್ ಮಾಡ್ತೀರಾ? ಕೊನೆಗೆ ನೀರು ಕೊಟ್ಟು, ನಗುನಗುತ್ತಾ, ಅಯ್ಯೋ ನಿನ್ನೆ ತಾನೇ ನಮ್ಮ ನೆಂಟರೊಬ್ಬರಿಗೆ ಮಾತಾಯ್ತಲ್ಲ ಅನ್ನುತ್ತಾರೆ. ಮನೆ ಬಾಡಿಗೆಗೆ ಇದೆ ಅನ್ನುವ ಬೋರ್ಡು ಮುಂದಿನ ತಿಂಗಳೂ ಅಲ್ಲೇ ನೇತಾಡುತ್ತಿರುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಹಿಡಿಯಲು ಅಡ್ಡಿ ಮಾಡುವುದು 1955ರ ಕಾಯಿದೆಯಿಂದಲೇ ಅಪರಾಧ. ಆದರೆ ಕಾನೂನಿಗೆ ಬೇಕಾಗಿರುವುದು ನಿನಗೆ ಕೊಡುವುದಿಲ್ಲ ಅನ್ನುವ ಮಾತು. ನಮ್ಮ ಯಜಮಾನರು ಆ ಮಾತನ್ನು ಆಡುವುದೇ ಇಲ್ಲ. ಅಷ್ಟು ಸಂಸ್ಕಾರವಂತರು.

ಬಾಬಾಸಾಹೇಬರ ಬರೋಡದ ಕಥೆ ಈ ಪತ್ರಿಕೆಯ ಓದುಗರಿಗೆ ಹೊಸತಲ್ಲ. ಆದರೂ ಅದರಲ್ಲಿ ಒಂದು ಸಂಗತಿ ನಮ್ಮ ಪ್ರಶ್ನೆಗೆ ಬೇಕು. 1917ರಲ್ಲಿ ಕೊಲಂಬಿಯಾ, ಲಂಡನ್ ಎರಡೂ ಕಡೆ ಓದಿ ಮಹಾರಾಜರ ನೌಕರಿಗೆ ಬಂದವರಿಗೆ ಇರಲು ಜಾಗವಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಇದ್ದರು. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಜನ ಬಂದು ಸಂಜೆಯೊಳಗೆ ಖಾಲಿ ಮಾಡು ಅಂದರು. ಅಂಬೇಡ್ಕರ್ ಕೇಳಿಕೊಂಡದ್ದು ಬರೀ ಒಂದು ವಾರ. ಸರ್ಕಾರದ ಬಂಗಲೆಗೆ ಅರ್ಜಿ ಹಾಕಿದ್ದರು, ಅದು ತೀರ್ಮಾನ ಆಗುವವರೆಗೆ. ಅಂದರೆ ಯಜಮಾನರು ಹುಡುಕುವ ನಂಬಿಕಸ್ಥನ ಲಕ್ಷಣವೆಲ್ಲ ಅಲ್ಲಿತ್ತು: ಸರ್ಕಾರಿ ನೌಕರಿ, ದಿನದ ಲೆಕ್ಕದಲ್ಲಿ ಬಾಡಿಗೆ, ಒಂದು ವಾರದಲ್ಲಿ ತಾನಾಗೇ ಹೋಗುತ್ತೇನೆ ಅನ್ನುವ ಮಾತು. ಆದರೂ ದೊಣ್ಣೆ ಕೆಳಗಿಳಿಯಲಿಲ್ಲ. ಸ್ನೇಹಿತರಿಬ್ಬರ ಮನೆಯಲ್ಲೂ ಜಾಗವಾಗಲಿಲ್ಲ. ರಾತ್ರಿಯ ರೈಲಿನವರೆಗೆ ಕಾಮಾಠಿ ಬಾಗ್ ಉದ್ಯಾನದಲ್ಲಿ ಕೂತರು. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಬಿಡು ಅಂದಾಗ ಬಿಡುವವನು ಬೇಕು ಅನ್ನುವುದು ಕೂಡಾ ಎಷ್ಟೋ ಸಲ ಹೊರಗಿನ ಮಾತು. ಬಿಡುವ ಗ್ಯಾರಂಟಿ ಕೊಟ್ಟರೂ ಒಳಗೆ ಬಿಡಲಾರದ ಇನ್ನೊಂದು ಲೆಕ್ಕ ಅದರ ಕೆಳಗೆ ಕೂತಿರುತ್ತದೆ.

ಹಾಗಂತ ಯಜಮಾನನ ಭಯವೆಲ್ಲ ನಾಟಕ ಅಂತ ನಾನು ಹೇಳಲಾರೆ. ನಮ್ಮ ಕೆಲವು ಗೆಳೆಯರು ಹಾಗೆ ಹೇಳುತ್ತಾರೆ. ಮನೆ ಇದ್ದವನೆಲ್ಲ ಶೋಷಕ ಅಂತ ಚೀಟಿ ಅಂಟಿಸಿ ಮುಂದಕ್ಕೆ ಹೋಗುತ್ತಾರೆ. ಆ ಭಯ ಎಲ್ಲಿಂದ ಬಂತು ಅಂತ ನೋಡಬೇಕು. ಈ ಜಿಲ್ಲೆಯಲ್ಲಂತೂ ಅದಕ್ಕೆ ಹುಟ್ಟಿದ ಊರೂ ಇದೆ, ತಾರೀಕೂ ಇದೆ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಶುರುವಾದದ್ದು ಉಳುವ ಹಕ್ಕಿನವರೆಗೆ ಬೆಳೆಯಿತು. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಗದ್ದೆ ನಿನ್ನದಲ್ಲ ಅಂದವರ ಮುಂದೆಯೇ ಗದ್ದೆಗೆ ಇಳಿದು ಜನ ಜೈಲಿಗೆ ಹೋದರು. ಆಮೇಲೆ 1961ರ ಭೂಸುಧಾರಣೆ ಕಾಯಿದೆ ಬಂತು. ಅದರಲ್ಲಿ ಒಡೆಯನಿಗೆ ಒಂದು ಕಿಂಡಿ ಬಿಟ್ಟಿದ್ದರು: ಸ್ವಂತ ಸಾಗುವಳಿಗೆ ಬೇಕು ಅಂತ ಹೇಳಿ ಗೇಣಿಯವನಿಂದ ಒಂದು ಪಾಲು ಭೂಮಿ ವಾಪಸ್ ಪಡೆಯಬಹುದು. ಸ್ವಂತಕ್ಕೆ ಬೇಕು! ನೇಗಿಲು ಯಾವ ಕೈಲಿ ಹಿಡಿಯಬೇಕು ಅಂತ ಗೊತ್ತಿಲ್ಲದವರಿಗೆಲ್ಲ ಆಗ ಇದ್ದಕ್ಕಿದ್ದಂತೆ ಸ್ವಂತಕ್ಕೆ ಬೇಕಾಯಿತು. ದೇವರಾಜ ಅರಸರ ಕಾಲದ ತಿದ್ದುಪಡಿ ಆ ಕಿಂಡಿ ಮುಚ್ಚಿತು. 1974ರ ಮಾರ್ಚ್ 1ಕ್ಕೆ ಗೇಣಿ ಭೂಮಿ ಸರ್ಕಾರಕ್ಕೆ ಸೇರಿತು, ಉಳುವವನು ಏಳನೇ ನಂಬರಿನ ಫಾರಂ ತುಂಬಿ ಭೂನ್ಯಾಯ ಮಂಡಳಿಗೆ ಹೋದ. ಮುಂದೆ ನಾನೇ ಬಂದು ಉಳುತ್ತೇನೆ, ಅಲ್ಲಿವರೆಗೆ ನೀನು ನೋಡಿಕೋ ಅಂತ ಹೇಳುವ ಅವಕಾಶವನ್ನು ಕಾಯಿದೆ ಉಳಿಸಿದ್ದು ಸೈನಿಕರಿಗೆ, ನಾವಿಕರಿಗೆ. ಯೋಚನೆ ಮಾಡಬೇಕಾದ ಮಾತಿದು. ದೂರದಲ್ಲಿ ದುಡಿಯುತ್ತಿರುವವನು ತಿರುಗಿ ಬಂದು ಕೇಳುವುದರಲ್ಲಿ ನ್ಯಾಯ ಇದೆ ಅಂತ ಉಳುವವನ ಪರವಾಗಿ ಬರೆದ ಕಾಯಿದೆಯೂ ಒಪ್ಪಿತ್ತು.

ಈ ಚರಿತ್ರೆ ನಮ್ಮ ಕಡೆಯ ಪೇಟೆ ಯಜಮಾನರ ನೆನಪಿನಲ್ಲಿ ಕೂತಿದೆ. ಇಟ್ಟುಕೊಂಡವನೇ ಒಡೆಯ ಆಗಿಬಿಟ್ಟಾನು ಅನ್ನುವ ಭಯ ಗದ್ದೆಯಿಂದ ಮನೆಗೆ ಹತ್ತಿತು. ಹನ್ನೊಂದು ತಿಂಗಳ ಕರಾರು ಅದರ ಇನ್ನೊಂದು ಮುಖ. ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು ಅನ್ನುವುದು 1908ರ ಕಾಯಿದೆ. ಅದನ್ನು ತಪ್ಪಿಸಲು ಒಂದು ತಿಂಗಳು ಕಡಿಮೆ ಬರೆಯುತ್ತಾರೆ. ಹತ್ತು ವರ್ಷ ಒಂದೇ ಮನೆಯಲ್ಲಿದ್ದವನೂ ಕಾಗದದ ಮೇಲೆ ಸದಾ ಹನ್ನೊಂದು ತಿಂಗಳ ಕೂಸು. ಮೊನ್ನೆ ಮೊನ್ನೆ, 2016-17ರ ಸುಮಾರಿಗೆ, ಇದೇ ಜಿಲ್ಲೆಯ ಕಾಗೋಡು ತಿಮ್ಮಪ್ಪನವರು ಕಂದಾಯ ಮಂತ್ರಿಯಾಗಿದ್ದಾಗ ವಾಸಿಸುವವನೇ ಮನೆಯೊಡೆಯ ಅನ್ನುವ ಘೋಷಣೆ ಬಂತು. ಅದು ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳಲ್ಲಿ ಬೇರೆಯವರ ಜಾಗದಲ್ಲಿ ತಲೆಮಾರಿನಿಂದ ಗುಡಿಸಲು ಹಾಕಿಕೊಂಡವರಿಗಾಗಿ ಮಾಡಿದ ತಿದ್ದುಪಡಿ. ಪೇಟೆಯ ಬಾಡಿಗೆ ಮನೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಘೋಷಣೆ ಕಿವಿಗೆ ಬಿದ್ದವರಿಗೆ ಅದು ಸಾಕಿತ್ತು, ಬೀಗದ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ನನ್ನ ಅಭಿಪ್ರಾಯ ಇಷ್ಟು: ನೂರು ಎಕರೆ ಗೇಣಿ ತಿಂದವನನ್ನೂ, ಮೂವತ್ತು ನಲವತ್ತರ ಸೈಟಿನಲ್ಲಿ ಸಂಬಳ ಕೂಡಿಟ್ಟು ಮನೆ ಕಟ್ಟಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಮೊದಲನೆಯವನು ಇನ್ನೊಬ್ಬರ ಬೆವರನ್ನು ಕೊಳಗದಲ್ಲಿ ಅಳೆದವನು. ಎರಡನೆಯವನದು ಅವನದೇ ಬೆವರು ಇಟ್ಟಿಗೆಯಾಗಿರುವುದು. ಇನ್ನೊಂದು ಮಾತು. ಭೂಮಿಯ ಆ ದೊಡ್ಡ ಹಂಚಿಕೆಯಲ್ಲಿ ಗೇಣಿ ಹೆಸರಿದ್ದವನಿಗೆ ಸಿಕ್ಕಿತು, ಗೇಣಿಯೂ ಸಿಗದೆ ಕೂಲಿ ಜೀತದಲ್ಲಿದ್ದ ನಮ್ಮ ಕೇರಿಗಳಿಗೆ ಅಷ್ಟಾಗಿ ಏನೂ ಬರಲಿಲ್ಲ. ನಮ್ಮಲ್ಲಿ ಮೊದಲ ಸಲ ಕಾಗದ ಅಂತ ಬಂದದ್ದು ನೌಕರಿಯಿಂದ, ಆ ನೌಕರಿಯಿಂದ ಕಟ್ಟಿದ ಮನೆಯಿಂದ. ಆ ಕಾಗದದ ಮೇಲೆ ನಮ್ಮವರಿಗೆ ಜೀವ. ಅದನ್ನು ಹಾಸ್ಯ ಮಾಡುವುದು ಹೊಟ್ಟೆ ತುಂಬಿದ ಕ್ರಾಂತಿಕಾರಿಗಳ ಕೆಲಸ.

ಹೀಗಿರುವಾಗಲೇ ನಮ್ಮ ಮೇಷ್ಟರ ಮನೆಯ ವಿಷಯ ನನ್ನ ತಲೆಗೆ ಬಂತು. ಮೇಷ್ಟರು ನಮ್ಮ ಕೇರಿಯವರೇ, ನೆಂಟಸ್ತಿಕೆಯಲ್ಲಿ ನನಗೆ ಮಾವ ಆಗಬೇಕು. ಬಯಲುಸೀಮೆಯ ಜಿಲ್ಲೆಯೊಂದರಲ್ಲಿ ಹೈಸ್ಕೂಲು ಮೇಷ್ಟರು. ಕೆಲಸಕ್ಕೆ ಸೇರಿದ ಮೊದಲನೇ ವರ್ಷ ಆ ಊರಲ್ಲಿ ಯಾರೂ ಮನೆ ಕೊಡದೆ ಶಾಲೆಯ ಕೋಣೆಯಲ್ಲೇ ಬೆಂಚು ಜೋಡಿಸಿ ಮಲಗಿದವರು. ಈಗ ಸೊರಬದಲ್ಲಿ ಮನೆಯಾಗಿದೆ, ನಿವೃತ್ತಿಗೆ ಐದು ವರ್ಷ ಇದೆ. ಬೀಗದ ಕೈ ನನ್ನ ಹತ್ತಿರ ಕೊಟ್ಟು, ನಂಬಿಕಸ್ಥರು ಯಾರಾದರೂ ಇದ್ದರೆ ನೋಡೋ ಅಳಿಯ, ನಾನು ಬರೋ ಹೊತ್ತಿಗೆ ಜಗಳ ಇಲ್ಲದೆ ಬಿಡಬೇಕು, ಅಷ್ಟೇ, ಅಂದರು. ಅವರ ಬಾಯಲ್ಲೂ ಅದೇ ಪದ.

ಬ್ರೋಕರ್ ತಂದದ್ದು ಬ್ಯಾಂಕ್ ಆಫೀಸರರ ಕುಟುಂಬ. ವರ್ಗವಾಗುವ ಜನ, ಕೂತುಕೊಳ್ಳುವವರಲ್ಲ, ಇಂಥವರು ಸಿಗಲ್ಲ ಅಂದ. ಮನೆ ನೋಡಿದರು, ಅಡುಗೆಮನೆ ನೋಡಿದರು, ಬಾವಿ ನೀರು ಕುಡಿದು ಸಿಹಿಯಾಗಿದೆ ಅಂದರು. ಹೋಗುವಾಗ ಆ ಅಮ್ಮ ಕೇಳಿದರು: ಓನರ್ ಯಾರಾಯ್ತು? ಬ್ರೋಕರ್ ನನಗೆ ಮೊದಲೇ ಹೇಳಿದ್ದ, ಹೆಸರು ಪೂರ್ತಿ ಹೇಳಬೇಡಿ, ಇನಿಷಿಯಲ್ ಸಾಕು ಅಂತ. ನಾನು ಪೂರ್ತಿ ಹೇಳಿದೆ, ಊರೂ ಹೇಳಿದೆ, ಕೇರಿಯೂ ಹೇಳಿದೆ. ಮಾರನೇ ದಿನ ವಾಸ್ತು ಸರಿಯಿಲ್ಲ ಅಂತ ಸುದ್ದಿ ಬಂತು. ಫೋನಿನಲ್ಲಿ ಮೇಷ್ಟರಿಗೆ ಹೇಳಿದರೆ ನಕ್ಕುಬಿಟ್ಟರು. ಅಲ್ಲ ಮಾರಾಯ, ಅಡುಗೆಮನೆ ಆಗ್ನೇಯಕ್ಕೇ ಕಟ್ಟಿಸಿದ್ದೀನಲ್ಲೋ, ಎರಡು ಸಾವಿರ ಕೊಟ್ಟು ಕೇಳಿ ಕಟ್ಟಿಸಿದ್ದು!

ಬಾಡಿಗೆದಾರನ ಜಾತಿ ಕೇಳುವ ಕಥೆ ನಮಗೆಲ್ಲ ಗೊತ್ತು. ಯಜಮಾನನ ಜಾತಿಯನ್ನೂ ಕೇಳುತ್ತಾರೆ ಅನ್ನುವುದು ಅಷ್ಟಾಗಿ ಮಾತಾಗಿಲ್ಲ. ಕಾಗದದ ಮೇಲೆ ಒಡೆಯ ಆದರೂ ಬಲಕ್ಕೆ ಒಡೆಯ ಅಲ್ಲ. ಅಂಥವನಿಗೆ ನಂಬಿಕಸ್ಥರು ಸಿಗುವುದು ಇನ್ನೂ ಕಷ್ಟ, ಅವನ ಭಯ ಇನ್ನೂ ದೊಡ್ಡದು. ಬಲಿಷ್ಠ ಜಾತಿಯವನೊ���್ಬ ಬಂದು ಕೂತು ಬಾಡಿಗೆ ಕೊಡದಿದ್ದರೆ ಮೇಷ್ಟರು ಯಾರ ಮನೆ ಬಾಗಿಲಿಗೆ ಹೋಗಬೇಕು? ನೆಂಟರಿಗೆ ಕೊಡೋಣ ಅಂದರೆ ಬಿಡು ಅನ್ನಲು ಬಾಯಿ ಬರುವುದಿಲ್ಲ. ಹೀಗೆ ಎಲ್ಲ ಕಡೆ ಬಾಗಿಲು ಮುಚ್ಚಿಕೊಂಡ ಮೇಲೆ ಬಂದವರು ಒಬ್ಬ ಹೆಂಗಸು. ಗಂಡ ಇಲ್ಲ, ಆಸ್ಪತ್ರೆಯಲ್ಲಿ ಗುತ್ತಿಗೆ ಕೆಲಸ, ಇಬ್ಬರು ಹೆಣ್ಣುಮಕ್ಕಳು. ಯಾವ ಜಾತಿ ಅಂತ ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಈಗಿರುವ ಕಡೆ ಮನೆಯವರ ಮಗನ ಮದುವೆ, ಸ್ವಂತಕ್ಕೆ ಬೇಕು ಅಂದಿದ್ದಾರೆ, ಎರಡು ತಿಂಗಳ ವಾಯಿದೆ. ಮೇಷ್ಟರಿಗೆ ಹೇಳಿದೆ. ಪಾಪ ಅನ್ನಿಸುತ್ತೆ, ಆದರೆ ಬೇಡ ಕಣೋ, ಮಕ್ಕಳ ಸ್ಕೂಲು ಅಂತ ಕೂತುಬಿಡ್ತಾರೆ, ಗುತ್ತಿಗೆ ಕೆಲಸ ಬೇರೆ, ಆಮೇಲೆ ನಾನು ಹೆಂಗಸಿನ ಸಾಮಾನು ಬೀದಿಗೆ ಹಾಕಿಸಬೇಕಾ, ಅಂದರು.

ಇಲ್ಲಿ ನಿಲ್ಲಬೇಕು. ಮೇಷ್ಟರು ಕೆಟ್ಟವರಲ್ಲ. ಆಕೆಯನ್ನು ಮುಂದೆ ಬೀದಿಗೆ ಹಾಕಬೇಕಾದೀತು ಅನ್ನುವ ಕನಿಕರದಿಂದಲೇ ಈಗ ಬೀದಿಯಲ್ಲಿ ಬಿಡುತ್ತಿದ್ದಾರೆ. ಆಕೆಯ ಮೇಲೆ ಇರುವ ದೂರು ಏನು? ಮಕ್ಕಳು ಓದುತ್ತಿದ್ದಾರೆ ಅನ್ನುವುದು. ಇನ್ನೊಂದು ಮನೆ ಇಲ್ಲ ಅನ್ನುವುದು. ಹಿಂದೆ ಪಟ್ಟಣಗಳಿಗೆ ಅನ್ವಯವಾಗುತ್ತಿದ್ದ 1961ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ ಒಂದು ವಿವೇಕ ಇತ್ತು. ಯಜಮಾನ ಸ್ವಂತಕ್ಕೆ ಬೇಕು ಅಂತ ಬಂದರೆ, ಅದು ನಿಜವೇ ಅಂತ ನೋಡಿ ಕೋರ್ಟು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಬಿಡಿಸಿದರೆ ಇವನಿಗೆ ಆಗುವ ಕಷ್ಟ ಹೆಚ್ಚೋ, ಬಿಡಿಸದಿದ್ದರೆ ಅವನಿಗೆ ಆಗುವ ಕಷ್ಟ ಹೆಚ್ಚೋ ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಬೇಕಿತ್ತು. ಕೋರ್ಟುಗಳು ಹೇಗೆ ತೂಗಿದವು, ಎಷ್ಟು ವರ್ಷ ತೂಗುತ್ತಾ ಕೂತವು ಅನ್ನುವುದು ಬೇರೆ. ತೂಗಬೇಕು ಅನ್ನುವುದಂತೂ ಸರಿ. ಆದರೆ ಬಿಡಿಸುವ ದಿನ ತೂಗಿದರೆ ಇಬ್ಬರಿಗೂ ನೋವು. ಒಳಗೆ ಕರೆದುಕೊಳ್ಳುವ ದಿನವೇ ತೂಗಬೇಕು.

ಬ್ರೋಕರ್ ಇನ್ನೊಂದು ದಾರಿ ಹೇಳಿದ, ಮೂರು ವರ್ಷ ಭೋಗ್ಯಕ್ಕೆ ಹಾಕಿಬಿಡಿ ಅಂತ. ಒಟ್ಟಿಗೆ ಇಷ್ಟು ಲಕ್ಷ ತೆಗೆದುಕೊಳ್ಳುವುದು, ಬಾಡಿಗೆ ಇಲ್ಲ, ಬಿಡುವಾಗ ಅಷ್ಟನ್ನೂ ವಾಪಸ್ ಕೊಡುವುದು. ಭೋಗ್ಯದಲ್ಲಿ ಒಂದು ತಮಾಷೆ ಇದೆ. ಅಲ್ಲಿ ನಂಬಿಕೆಯ ಪ್ರಶ್ನೆ ತಲೆಕೆಳಗಾಗುತ್ತದೆ. ಯಜಮಾನ ಆ ದುಡ್ಡನ್ನು ಸಾಲಕ್ಕೋ ಮಗಳ ಮದುವೆಗೋ ಸುರಿದಿರುತ್ತಾನೆ, ವಾಯಿದೆ ಮುಗಿದ ದಿನ ಅವನ ಕೈ ಖಾಲಿ. ಆಗ ಬಾಡಿಗೆದಾರನೇ ಕೇಳಬೇಕು, ಈ ಯಜಮಾನ ನಂಬಿಕಸ್ಥನಾ ಅಂತ. ಮಾಮೂಲಿ ಬಾಡಿಗೆಯಲ್ಲೂ ಅಡ್ವಾನ್ಸು ಯಜಮಾನನ ಕೈಯಲ್ಲೇ ಇರುವುದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಅನ್ನುವುದು ಬಹುಕಾಲ ನಡೆದ ರೂಢಿ. ಮನೆ ಬಿಟ್ಟ ಮೇಲೆ ಬಣ್ಣಕ್ಕೆ ಇಷ್ಟು, ನಲ್ಲಿಗೆ ಇಷ್ಟು ಅಂತ ಮುರಿದುಕೊಂಡು ಉಳಿದದ್ದನ್ನು ಮುಂದಿನ ತಿಂಗಳು ಬಾ ಅನ್ನುವುದೂ ರೂಢಿಯೇ. 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸು ಬೇಡ ಅನ್ನುತ್ತದೆ. ವಾಯಿದೆ ಮೀರಿ ಕೂತವನಿಗೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಅಂತಲೂ ಅನ್ನುತ್ತದೆ. ಕೂತವನು ಯಾಕೆ ಕೂತ ಅಂತ ಅದು ಕೇಳುವುದಿಲ್ಲ. ನಾನು ಹೇಳುತ್ತೇನೆ: ಎಷ್ಟೋ ಜನ ಕೂತದ್ದು ಮುಂದಿನ ಮನೆಗೆ ಕೊಡಬೇಕಾದ ಅಡ್ವಾನ್ಸು ಹಿಂದಿನ ಯಜಮಾನನ ಪೆಟ್ಟಿಗೆಯಲ್ಲಿ ಇರುವುದರಿಂದ. ಬಾಗಿಲು ದಾಟಲು ಬೇಕಾದ ದುಡ್ಡು ಬಾಗಿಲು ದಾಟಿದ ಮೇಲೆ ಸಿಗುತ್ತದೆ. ಅಂಥವನನ್ನು ಹಟಮಾರಿ ಅನ್ನುತ್ತೇವೆ.

ಈಗ ಹಕ್ಕಿಗೆ ಬರುತ್ತೇನೆ. ಗುಡವಿಗೆ ಮುಂಗಾರಿನ ಹೊತ್ತಿಗೆ ನೀರುಕಾಗೆ, ಬೆಳ್ಳಕ್ಕಿ, ಕೊಕ್ಕರೆ, ತಲೆ ಕಪ್ಪಗಿರುವ ಬಿಳೀ ಕೆಂಬರಲು ಎಲ್ಲ ಬರುತ್ತವೆ. ಕೆರೆ ನಡುವಿನ ಮರಗಳಲ್ಲೇ ಗೂಡು, ಯಾಕೆಂದರೆ ಸುತ್ತ ನೀರಿದ್ದರೆ ನೆಲದ ಮೇಲಿನ ವೈರಿ ಬರುವುದು ಕಷ್ಟ. ಒಂದೇ ಮರದಲ್ಲಿ ಬೇರೆ ಬೇರೆ ಜಾತಿ. ಅವುಗಳನ್ನು ಸಾಧುಸಂತರು ಮಾಡುವುದೂ ಬೇಡ. ಒಂದರ ಗೂಡಿನ ಕಡ್ಡಿ ಇನ್ನೊಂದು ಎಳೆದುಕೊಂಡು ಹೋಗುತ್ತದೆ, ದಿನವಿಡೀ ಕೂಗಾಟ. ಯಜಮಾನರು ಹೇಳುವ ಹಾಗೆ ಹೋಗುವ ಕಾಲಕ್ಕೆ ಹೋಗುತ್ತವೆ, ಅದು ನಿಜ. ಆದರೆ ಹೋಗುವ ಕಾಲ ಯಾವುದು ಅಂತ ಗೊತ್ತುಮಾಡುವುದು ಯಾರು? ಮರವಲ್ಲ, ಕೆರೆಯಲ್ಲ. ಮರಿ. ಮರಿಗೆ ರೆಕ್ಕೆ ಬಲಿತ ಮೇಲೆ ಗೂಡು ಖಾಲಿ. ಅದಕ್ಕೆ ಮೊದಲು ಯಾವ ಹಕ್ಕಿಯೂ ಕದಲಿದ್ದನ್ನು ನಾನು ಕಂಡಿಲ್ಲ. ಗುಡವಿ ಹಕ್ಕಿಯ ಹಾಗಿರು ಅನ್ನುವವರು ಗುಡವಿ ಮರದ ಹಾಗಿರಲು ತಯಾರಿರಬೇಕು. 1989ರಲ್ಲಿ ಸರ್ಕಾರ ಕೆರೆಯನ್ನು ಪಕ್ಷಿಧಾಮ ಅಂತ ಘೋಷಿಸಿತು, ಒಳ್ಳೆಯದೇ. ಹಕ್ಕಿಯನ್ನು ಯಾರೂ ದಾಖಲೆ ಕೇಳಲಿಲ್ಲ. ಇದೇ ಸುತ್ತಿನ ಕಾಡಂಚಿನಲ್ಲಿ ಉಳುಮೆ ಮಾಡಿಕೊಂಡಿರುವ ಬಡವ ಬುಡಕಟ್ಟಿನವನಲ್ಲದಿದ್ದರೆ 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಎಪ್ಪತ್ತೈದು ವರ್ಷ, ಮೂರು ತಲೆಮಾರು ಇಲ್ಲಿದ್ದೆ ಅಂತ ತೋರಿಸಬೇಕು. ಪೇಟೆಯ ಮನೆ ಹನ್ನೊಂದು ತಿಂಗಳ ಮೇಲೆ ಇದ್ದೆ ಅನ್ನಬೇಡ ಅನ್ನುತ್ತದೆ, ಕಾಡು ಎಪ್ಪತ್ತೈದು ವರ್ಷ ಇದ್ದದ್ದು ತೋರಿಸು ಅನ್ನುತ್ತದೆ. ಒಬ್ಬನೇ ಮನುಷ್ಯ ಎರಡಕ್ಕೂ ಉತ್ತರ ಹೇಳಬೇಕು.

ಮೇಷ್ಟರಿಗೆ ನಾನು ಉದ್ದಕ್ಕೆ ಹೇಳಲಿಲ್ಲ. ಮಾವ, ನೀವು ಯಾವ ವರ್ಷ, ಯಾವ ತಿಂಗಳು ಬರ್ತೀರಿ ಅಂತ ಈಗಲೇ ಕರಾರಿನಲ್ಲಿ ಬರೆಯಿರಿ, ಆಮೇಲೆ ನೆನಪು ಮಾಡಿ ಹೇಳುವುದಲ್ಲ ಅಂದೆ. ಆ ತಿಂಗಳು ಮೇ ಆಗಿರಲಿ, ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಮಳೆ ಹಿಡಿದಿರುವುದಿಲ್ಲ. ಆರು ತಿಂಗಳು ಮೊದಲು ಒಂದು ಸಲ ನೆನಪಿಸಿ. ತಿಂಗಳು ತಿಂಗಳು ರಸೀದಿ ಕೊಡಿ. ಅವರು ಬಿಡುವುದಕ್ಕೆ ಒಂದು ತಿಂಗಳು ಮೊದಲೇ ಅಡ್ವಾನ್ಸು ವಾಪಸ್ ಕೊಡಿ, ಮುಂದಿನ ಮನೆ ಹಿಡಿದುಕೊಳ್ಳಲಿ. ಆಕೆ ಎಲ್ಲಿ ಕೆಲಸ ಮಾಡ್ತಾರೆ, ಹಿಂದಿನ ಮನೆಯಲ್ಲಿ ಬಾಡಿಗೆ ಹೇಗೆ ಕೊಟ್ಟಿದ್ದಾರೆ, ಇಷ್ಟು ವಿಚಾರಿಸುವ ಹಕ್ಕು ನಿಮಗಿದೆ, ನಾನು ವಿಚಾರಿಸಿದ್ದೀನಿ, ಬಾಕಿ ಇಲ್ಲ. ನೀವು ಬರುವ ದಿನ ಆಕೆಗೆ ಮೊದಲ ದಿನದಿಂದ ಗೊತ್ತಿದ್ದರೆ ಆಕೆಯೂ ಅದಕ್ಕೆ ತಕ್ಕ ಹಾಗೆ ಬದುಕು ಕಟ್ಟಿಕೊಳ್ತಾರೆ.

ವರ್ಷ ಬರೆಯಲು ಒಪ್ಪಿದರು. ಮೇ ತಿಂಗಳಿಗೆ ತಕ್ಷಣ ಒಪ್ಪಿದರು, ಮೇಷ್ಟರಲ್ಲವೇ. ಅಡ್ವಾನ್ಸಿನ ಮಾತಿಗೆ ಮಾತ್ರ ತಡೆದರು.

"ದುಡ್ಡು ಮೊದಲೇ ಕೊಟ್ಟ ಮೇಲೆ ಅವರು ಹೋಗದಿದ್ರೆ ಏನೋ ಮಾಡೋದು?"

"ಹೋದ ಮೇಲೆ ನೀವು ಕೊಡದಿದ್ರೆ ಅವರು ಏನು ಮಾಡಬೇಕು ಮಾವ?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಶಾಲೆಯ ಗಂಟೆ ಹೊಡೆದದ್ದು ಕೇಳಿಸಿತು, ಹುಡುಗರ ಗಲಾಟೆ ಕೇಳಿಸಿತು. ಆಮೇಲೆ ಕೇಳಿದರು:

"ಮಕ್ಕಳು ಯಾವ ಕ್ಲಾಸಂದೆ?"

"ದೊಡ್ಡೋಳು ಎಂಟು. ಚಿಕ್ಕೋಳು ಈ ಜೂನಿಗೆ ಆರನೇ ಕ್ಲಾಸು."

ಅವರು ಬೆರಳು ಮಡಿಚುತ್ತಾ ಆರು, ಏಳು, ಎಂಟು ಅಂತ ಎಣಿಸುತ್ತಿರುವುದು ಫೋನಿನಲ್ಲೇ ಕೇಳಿಸುತ್ತಿತ್ತು. ಹತ್ತಕ್ಕೆ ಬಂದು ನಿಂತರು.

"ಅಡ್ವಾನ್ಸಿನ ವಿಷಯ ರಜಕ್ಕೆ ಬಂದಾಗ ಮಾತಾಡೋಣ. ರಸೀದಿ ಪುಸ್ತಕ ಸೊರಬದಲ್ಲೇ ಸಿಗುತ್ತಾ ನೋಡು, ಇಲ್ಲಾಂದ್ರೆ ನಾನು ಇಲ್ಲಿಂದ ತರ್ತೀನಿ" ಅಂದರು.